‘ಲೇ’ ಎಂದರೆ ತಗೋ: ರಾಜಾಸಾಬರು ತಂಡ ಕಟ್ಟಿದ ಬಗೆ

ಕ್ರಿಕೆಟ್ಟಿನ ಬ್ಯಾಟು ಕಾಣದ ಓಣಿಯಿಲ್ಲ, ಕಬಡ್ಡಿಯ ಗೆರೆ ಬೀಳದ ಬಯಲಿಲ್ಲ ಎನ್ನುವಂಥ ನಮ್ಮ ಕೊಪ್ಪಳ ಸೀಮೆಯಲ್ಲಿ ಫುಟ್‌ಬಾಲ್ ಆಟಕ್ಕೂ ಒಂದು ನೆಲೆ ಉಂಟೆಂದರೆ, ಅದಕ್ಕೆ ಕಾರಣರಾದ ಕೆಲವೇ ಹಿರಿಯರಲ್ಲಿ ಗಂಗಾವತಿಯ ಶ್ರೀ ರಾಜಾಸಾಬರ ಹೆಸರನ್ನು ಮೊದಲು ಹೇಳಬೇಕು. ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿ ಸೇವೆ ಮುಗಿಸಿದ ಮೇಲೂ ವಿಶ್ರಾಂತಿ ಎಂಬ ಮಾತನ್ನು ಹತ್ತಿರ ಬಿಟ್ಟುಕೊಳ್ಳದೆ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳನ್ನು ಬಸ್ಸಿನಲ್ಲೇ ಸುತ್ತಿ, ಸಿಕ್ಕಸಿಕ್ಕ ಬಯಲುಗಳಿಂದ ಹುಡುಗರನ್ನು ಆರಿಸಿ ತಂದು, ನಾಲ್ಕು ತಾಲ್ಲೂಕು ಫುಟ್‌ಬಾಲ್ ಸಂಘವನ್ನು ಕಟ್ಟಿ ನಿಲ್ಲಿಸಿದವರು ಅವರು. ಆಡುವವನು ಆಟಗಾರ, ಆಡಿಸುವವನು ತರಬೇತುದಾರ. ಆದರೆ ಯಾರು ಆಡಬೇಕು, ಯಾರ ಪಕ್ಕದಲ್ಲಿ ಯಾರಿರಬೇಕು ಎಂಬುದನ್ನು ಗೊತ್ತುಮಾಡುವವನು ವ್ಯವಸ್ಥಾಪಕ. ಆ ವ್ಯವಸ್ಥಾಪಕ ಸ್ಥಾನದಿಂದ ರಾಜಾಸಾಬರು ಈ ವರ್ಷ ನಿವೃತ್ತರಾಗುತ್ತಿದ್ದಾರೆ.

ಅವರ ಆಯ್ಕೆಯ ರೀತಿಯನ್ನು ಕಂಡು ಕೈ ಮುಗಿದವರಿದ್ದಾರೆ, ಹಣೆ ಚಚ್ಚಿಕೊಂಡವರೂ ಇದ್ದಾರೆ. ಈ ಎರಡೂ ಕೆಲಸವನ್ನು ಮನಸಾರೆ ಮಾಡಿದವರು ಒಬ್ಬರೇ, ಸಂಘದ ತರಬೇತುದಾರರಾದ ಕೊಟ್ರಪ್ಪನವರು. ಆದ್ದರಿಂದ ರಾಜಾಸಾಬರನ್ನು ತೂಗಿ ನೋಡಬೇಕಾದರೆ ಕೊಟ್ರಪ್ಪನವರ ಪಕ್ಕದಲ್ಲಿ ನಿಂತು ನೋಡುವುದೇ ನ್ಯಾಯ.

ಕುಷ್ಟಗಿಯವರಾದ ಕೊಟ್ರಪ್ಪನವರು ಕೊಪ್ಪಳದ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದುಕೊಂಡೇ ಸಂಘದ ತರಬೇತಿಯ ಹೊಣೆ ಹೊತ್ತವರು. ಮೊದಲ ವರ್ಷ ಗಂಗಾವತಿಯಲ್ಲಿ ಆಯ್ಕೆ ಪಂದ್ಯಕ್ಕೆ ಬಂದಾಗ ಮೈದಾನದಂಚಿನಲ್ಲಿ ಒಂದು ಕಟ್ಟಿಗೆಯ ಕುರ್ಚಿ, ಅದರ ಬೆನ್ನು ಮೈದಾನಕ್ಕೆ, ಅದರಲ್ಲಿ ಕಾಂಪೌಂಡ್ ಗೋಡೆಗೆ ಮುಖ ಮಾಡಿ ಚಹಾ ಕುಡಿಯುತ್ತ ಕುಳಿತ ರಾಜಾಸಾಬರು ಕಂಡರು. ಆಟ ಶುರುವಾದ ಮೇಲೆ ತಿರುಗಿಯಾರು ಎಂದು ಕೊಟ್ರಪ್ಪನವರು ಕಾದರು. ಆಟ ಶುರುವಾಯಿತು, ಮುಗಿಯಿತು, ಕುರ್ಚಿ ಮಾತ್ರ ತಿರುಗಲಿಲ್ಲ. ಆಮೇಲೆ ಹಿರಿಯರು ಎದ್ದು ಬಂದು ಹುಡುಗರನ್ನು ಸುತ್ತ ಕೂರಿಸಿಕೊಂಡು, ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ, ತಂಡದ ಹೆಸರುಗಳನ್ನು ಬಾಯಿಮಾತಿನಲ್ಲೇ ಕೂಗಿಬಿಟ್ಟರು. ಕೊಟ್ರಪ್ಪನವರಿಗೆ ತಡೆಯಲಾಗಲಿಲ್ಲ.

“ಸರ, ನೀವು ಆಟ ನೋಡ್ಲೇ ಇಲ್ಲಲ್ರಿ?”

“ನೋಡೂದು ನಿಮ್ಮ ಕೆಲಸ ರೀ ಕೊಟ್ರಪ್ಪ. ನಾ ಕೇಳಾಕ ಬಂದಿದ್ದೆ.”

ಅಂದು ಮಧ್ಯಾಹ್ನ ರಾಜಾಸಾಬರ ಮನೆಯಲ್ಲಿ ಊಟ. ಈ ಮಾತು ಎದ್ದಾಗ ಅವರ ಪತ್ನಿ ಫಾತಿಮಾಬೀ ರೊಟ್ಟಿ ಬಡಿಸುತ್ತಲೇ ನಕ್ಕರು. “ಅಡಗಿಮನಿಯಿಂದ ನಾ ಕೂಗಿದ್ದು ಲಗ್ನ ಆದಾಗಿಂದ ಒಮ್ಮಿನೂ ಇವರ ಕಿವಿಗೆ ಬಿದ್ದಿಲ್ರಿ. ಮೈದಾನದಾಗಿನ ಹುಡುಗರದ್ದಷ್ಟ ಬೀಳತೈತಿ!”

ರಾಜಾಸಾಬರು ಕೇಳಿಸದವರ ಹಾಗೆ ಪಲ್ಯ ಹಾಕಿಸಿಕೊಂಡರಂತೆ.

ಈ ಕೇಳುವ ಪದ್ಧತಿ ಹುಟ್ಟಿದ್ದು ಒಂದು ಜಗಳದಲ್ಲಿ. ರಾಜಾಸಾಬರು ಇನ್ನೂ ಶಾಲೆಯಲ್ಲಿದ್ದ ಕಾಲ. ರಫೀ ಎಂಬ ಹುಡುಗ ಚೆಂಡನ್ನು ಅಚ್ಚುಕಟ್ಟಾಗಿ ತಳ್ಳಿ, ಮುಂದೆ ಓಡುತ್ತಿದ್ದ ಗುರುಬಸವನಿಗೆ “ಲೇ!” ಎಂದು ಕೂಗಿದ. ರಫೀಯ ಮನೆಮಾತಾದ ಉರ್ದುವಿನಲ್ಲಿ ಅದರರ್ಥ ‘ತಗೋ’ ಎಂದು. ಯಲಬುರ್ಗಾ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಗುರುಬಸವನಿಗೆ ಅದು ಅಚ್ಚಗನ್ನಡದ ‘ಲೇ’ಯಾಗಿಯೇ ಕೇಳಿಸಿತು. ಅವನು ಓಟ ನಿಲ್ಲಿಸಿ, ಹಿಂದಿರುಗಿ, “ಯಾರಿಗಲೇ ಲೇ ಅಂತಿ?” ಎಂದು ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದ. ಚೆಂಡು ತನ್ನಷ್ಟಕ್ಕೆ ಗೆರೆ ದಾಟಿ ಹೋಯಿತು. ಇಬ್ಬರನ್ನೂ ಬಿಡಿಸಿದ ರಾಜಾಸಾಬರಿಗೆ ನಗು ತಡೆಯದು. “ಅವ ನಿನಗ ಬೈಲಿಲ್ಲೋ ಮಾರಾಯಾ, ಚೆಂಡು ತಗೋ ಅಂದ” ಎಂದು ಸಮಾಧಾನ ಮಾಡಿದರು.

ನಕ್ಕು ಮರೆಯಬಹುದಾಗಿದ್ದ ಈ ಸಂಗತಿ ಅವರ ತಲೆಯಲ್ಲಿ ಕೂತುಬಿಟ್ಟಿತು. ಇಡೀ ಆಟದಲ್ಲಿ ‘ತಗೋ’ ಎಂದವನು ರಫೀ ಒಬ್ಬನೇ, ಉಳಿದವರೆಲ್ಲ ಕೂಗಿದ್ದು ‘ಕೊಡು, ಕೊಡು’ ಎಂದೇ ಎಂಬುದು ಅವರಿಗೆ ಹೊಳೆದದ್ದು ಆಗ. ಅಂದಿನಿಂದ ಅವರು ಕಿವಿಗೊಡಲು ತೊಡಗಿದರು. ಯಲಬುರ್ಗಾದ ಹುಡುಗರು ‘ಕೊಡಲೇ’ ಎನ್ನುತ್ತಾರೆ, ಗಂಗಾವತಿಯ ಓಣಿಗಳಲ್ಲಿ ‘ದೇ ರೇ’, ಆಂಧ್ರದಿಂದ ಬಂದ ರೈತರು ನೆಲೆಸಿದ ಕಾಲುವೆ ಬದಿಯ ಕ್ಯಾಂಪುಗಳಲ್ಲಿ ತೆಲುಗಿನ ‘ಇವ್ವು ರಾ’. ಭಾಷೆ ಮೂರಾದರೂ ಬೇಡಿಕೆ ಒಂದೇ. ಅದೇ ಮೂರು ಭಾಷೆಗಳಲ್ಲಿ ‘ತಗೋ’, ‘ಲೇ ರೇ’, ‘ತೀಸ್ಕೋ’ ಎನ್ನುವವರು ಅಪರೂಪ. ಕಣ್ಣಿಗೆ ಕಾಲಿನ ಚಮತ್ಕಾರ ಕಂಡರೆ ಕಿವಿ ಮಂಕಾಗುತ್ತದೆ ಎಂದು ಅವರು ಕುರ್ಚಿಯನ್ನೇ ತಿರುಗಿಸಿದರು.

ಹಾಗೆಂದು ಬರೀ ಕೊಡುವವರನ್ನೇ ಕೂಡಿಹಾಕಿದರೆಂದು ಯಾರೂ ತಿಳಿಯಬಾರದು. ಗೋಲಿನ ಮುಂದೆ ನಿಂತು ‘ಕೊಡು’ ಎಂದು ಹಟ ಹಿಡಿಯುವ ಒಬ್ಬಿಬ್ಬರು ಅವರಿಗೆ ಬೇಕೇ ಬೇಕಿತ್ತು. ಎಲ್ಲರೂ ದಾನಶೂರರಾದರೆ ಚೆಂಡು ಬಲೆಗೆ ಹೋಗುವುದು ಹೇಗೆ? ಆದರೆ ಅಂಥವರು ಹೆಚ್ಚಾದರೆ ತಂಡ ಕೆಡುತ್ತದೆಂದು ಅವರ ನಂಬಿಕೆ. ಸಂಘದ ಹಿತೈಷಿಯೊಬ್ಬರು ದೊಡ್ಡ ಊರುಗಳಿಂದ ಹೆಸರಾಂತ ಆಟಗಾರರನ್ನು ಕರೆತಂದು ನಿಲ್ಲಿಸಿದಾಗ ರಾಜಾಸಾಬರು ಎಂದಿನಂತೆ ಗೋಡೆ ನೋಡುತ್ತ ಕುಳಿತು, ಅವರ ಸದ್ದು ಕೇಳಿ, ಮನೆಗೆ ಕರೆದೊಯ್ದು ಹೊಟ್ಟೆ ತುಂಬ ಬಿರಿಯಾನಿ ಉಣಿಸಿ, ಬಸ್ಸು ಹತ್ತಿಸಿ ಕಳಿಸಿದರು. ಹಿತೈಷಿಗಳು ಮುನಿಸಿಕೊಂಡರು. ಆ ವರ್ಷ ತಂಡ ಸೋತದ್ದೂ ನಿಜ. ಆದರೆ ಒಮ್ಮೆ ತಂಡಕ್ಕೆ ತೆಗೆದುಕೊಂಡವನನ್ನು ಅವರು ಕೈಬಿಟ್ಟದ್ದಿಲ್ಲ. ಅದೇ ಜಗಳಗಂಟ ಗುರುಬಸವ ಮುಂದೆ ಸಂಘದ ಆಟಗಾರನಾಗಿ, ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡಾಗ, ವರ್ಷವಿಡೀ ಪ್ರತಿ ಪಂದ್ಯಕ್ಕೂ ತಂಡದ ಹೆಸರು ಕೂಗುವಾಗ ಅವನ ಹೆಸರನ್ನೇ ಮೊದಲು ಕೂಗಿದರು. ಅವನು ಕೋಲೂರಿಕೊಂಡು ಬಂದು ತಂಡದ ಸಾಲಿನಲ್ಲಿ ಕೂರುತ್ತಿದ್ದ. ಇಂಥದನ್ನು ಕಂಡ ಕೊಟ್ರಪ್ಪನವರು ಅವರಿಗೆ ಪೂರ್ತಿ ಸೋತುಹೋಗಿದ್ದರು. ಒಂದು ವಿಷಯ ಮಾತ್ರ ಅವರ ಗಂಟಲಲ್ಲಿ ಮುಳ್ಳಾಗಿತ್ತು. ಅದು ಸಾಣಾಪುರದ ದ್ಯಾಮಣ್ಣ.

ಸಾಣಾಪುರದ ಕೆರೆಯಲ್ಲಿ ಪ್ರವಾಸಿಗರನ್ನು ಹರಿಗೋಲಿನಲ್ಲಿ ಸುತ್ತಾಡಿಸುವುದು ದ್ಯಾಮಣ್ಣನ ಕೆಲಸ. ಮಾತು ಬಹಳ ಕಡಿಮೆ. ಹೌದು ಎನ್ನಲು ಕತ್ತು, ಇಲ್ಲ ಎನ್ನಲೂ ಕತ್ತು. ಮೈದಾನಕ್ಕಿಳಿದರೆ ಅದೂ ಇಲ್ಲ. ಅವನ ಕಾಲಲ್ಲಿ ಏನೋ ಇದೆ ಎಂದು ಕೊಟ್ರಪ್ಪನವರ ಕಣ್ಣು ಮೊದಲ ವರ್ಷವೇ ಹೇಳಿತ್ತು. ಆಯ್ಕೆ ಪಂದ್ಯದ ಕೊನೆಗೆ ಸ್ವಲ್ಪ ಹೊತ್ತು ಅವನನ್ನು ಇಳಿಸುತ್ತಿದ್ದರು. ರಾಜಾಸಾಬರು ಹೆಸರು ಕೂಗುವಾಗ ಅವನ ಹೆಸರು ಬರುತ್ತಿರಲಿಲ್ಲ. ಎರಡನೆಯ ವರ್ಷವೂ ಹಾಗೇ, ಮೂರನೆಯ ವರ್ಷವೂ ಹಾಗೇ.

“ಅವನ ದನಿನ ಬರ್ಲಿಲ್ಲಲ್ರಿ ನನ್ನ ಕಿವಿಗೆ” ಎನ್ನುತ್ತಿದ್ದರು ರಾಜಾಸಾಬರು. “ಕೊಡು ಅನ್ನಂಗಿಲ್ಲ, ತಗೋ ಅನ್ನಂಗಿಲ್ಲ. ಅವ ಮೈದಾನದಾಗ ಅದಾನೋ ಇಲ್ಲೋ ಹೆಂಗ ತಿಳ್ಕೊಳ್ಳಲಿ?”

ನಾಲ್ಕನೆಯ ವರ್ಷದ ಆಯ್ಕೆಗೆ ಬಂದಾಗ ದ್ಯಾಮಣ್ಣ ತಾನಾಗಿ ಒಂದು ಮಾತು ಆಡಿದ. “ಸರ, ಇದು ಕಡೀದ್ರಿ. ಈ ಸಲ ಆಗ್ಲಿಲ್ಲಂದ್ರ ಆಟ ಸಾಕ್ರಿ.”  ಅವನನ್ನು ಕೆಂಪಂಗಿಯ ತಂಡದ ನಟ್ಟನಡುವೆ, ಮೊದಲಿನಿಂದ ಕೊನೆಯವರೆಗೂ ಆಡಿಸುವುದೆಂದು ಕೊಟ್ರಪ್ಪನವರು ಆ ಕ್ಷಣವೇ ತೀರ್ಮಾನಿಸಿದರು.

ಪಂದ್ಯ ಗೊತ್ತಾಗಿದ್ದುದು ಹುಲಿಗಿಯ ಬಯಲಲ್ಲಿ. ಕೊಟ್ರಪ್ಪನವರು ದಿನವನ್ನು ಆರಿಸಿದ್ದರೇ ಹೊರತು ಪಂಚಾಂಗ ನೋಡಿರಲಿಲ್ಲ. ಅಂದು ಹುಣ್ಣಿಮೆ! ಹುಲಿಗೆಮ್ಮನ ದರ್ಶನಕ್ಕೆ ಬಂದ ಟಂಟಂ, ಟ್ರ್ಯಾಕ್ಟರುಗಳ ಹಾರನ್ನಿನಲ್ಲಿ ಆಕಾಶವೇ ಕಿವುಡಾಗಿತ್ತು. ರಾಜಾಸಾಬರು ಕುರ್ಚಿಯನ್ನು ಗೆರೆಯ ತೀರ ಹತ್ತಿರಕ್ಕೆ ಎಳೆದುಕೊಂಡು, ಎಂದಿನಂತೆ ಬೆನ್ನು ಹಾಕಿ ಕುಳಿತರು. ಎದುರು ತಂಡದ ನೀಲಿಯಂಗಿಯವರ ‘ಕೊಡು, ಕೊಡು’ ಚೆನ್ನಾಗಿಯೇ ಕೇಳುತ್ತಿತ್ತು. ಕೆಂಪಂಗಿಯವರದು ಮಾತ್ರ ಸದ್ದೇ ಇಲ್ಲ. ಹಿರಿಯರು ಒಂದು ಕಿವಿಗೆ ಬೆರಳು ಹಾಕಿ ಅಲುಗಿಸಿದರು, ಇನ್ನೊಂದಕ್ಕೂ ಹಾಕಿದರು. ಮುಖ ಬಾಡಿತ್ತು.

“ಕೊಟ್ರಪ್ಪ, ಕೆಂಪಂಗ್ಯಾವ್ರು ಆಡಾಕ ಹತ್ಯಾರೋ ಇಲ್ರೋ?”

“ಆಡಾಕ ಹತ್ಯಾರ್ರಿ ಸರ. ಎರಡು ಗೋಲೂ ಹೊಡದಾರ.”

ರಾಜಾಸಾಬರು ಎದ್ದು ನಿಂತರು. ಕುರ್ಚಿಯನ್ನು ಎರಡೂ ಕೈಯಿಂದ ಎತ್ತಿ ಮೈದಾನಕ್ಕೆ ಮುಖವಾಗಿ ತಿರುಗಿಸಿಟ್ಟರು. ಅದನ್ನು ಕಂಡ ಹಳೆಯ ಆಟಗಾರರೆಲ್ಲ ಕುಳಿತಲ್ಲಿಂದ ಎದ್ದರಂತೆ; ಅಂಥದನ್ನು ಅವರಾರೂ ಕಂಡಿರಲಿಲ್ಲ.

ಕುಳಿತು ನೋಡಿದ ರಾಜಾಸಾಬರಿಗೆ ಕಂಡದ್ದಿಷ್ಟು. ಚೆಂಡು ದ್ಯಾಮಣ್ಣನ ಕಾಲಿಗೆ ಬರುತ್ತಿತ್ತು. ಎಡಬದಿಯವನು ‘ಕೊಡು’ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅದು ಅವನ ಕಾಲಲ್ಲೇ ಇರುತ್ತಿತ್ತು. ಬಲಬದಿಯವನು ಇನ್ನೂ ಓಡಲು ನೆನೆಯುತ್ತಿದ್ದಾಗಲೇ ಚೆಂಡು ಅವನ ದಾರಿಯಲ್ಲಿ ಹೋಗಿ ಕಾಯುತ್ತಿತ್ತು. ಕೆಂಪಂಗಿಯ ಯಾರಿಗೂ ಏನನ್ನೂ ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ರಾಜಾಸಾಬರ ಕೈಯಲ್ಲಿದ್ದ ಚಹಾ ತಣ್ಣಗಾಯಿತು. “ನನ್ನ ಕಿವಿ ಛಲೋ ಅದಾವ್ರಿ ಕೊಟ್ರಪ್ಪ” ಎಂದಷ್ಟೇ ಹೇಳಿದರು. 

ಪಂದ್ಯ ಮುಗಿಯಿತು. ಹುಡುಗರು ಸುತ್ತ ಕುಳಿತರು. ಅಷ್ಟು ಜನರ ಮುಂದೆ, ತಮ್ಮ ಮೊಮ್ಮಕ್ಕಳ ವಯಸ್ಸಿನವರ ಮುಂದೆ, ಆ ಹಿರಿಯರು ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು ಹೇಳಿದ ಮಾತು ಕೊಟ್ರಪ್ಪನವರಿಗೆ ಇಂದಿಗೂ ಬಾಯಿಪಾಠ.

“ಮೂರು ವರ್ಷ ಒಬ್ಬನ ದನಿ ಕೇಳ್ಲಿಲ್ಲಂತ ಬಿಟ್ಟೆ. ಅವ ಇದ್ದಲ್ಲಿ ಉಳಿದವರಿಗೆ ಬಾಯಿ ತೆಗಿಯೂದ ಬ್ಯಾಡಾಗಿತ್ತು. ಅದನ್ನ ನಾ ಕೇಳಿಸ್ಕೊಳ್ಳಿಲ್ಲ. ತಪ್ಪು ನಂದ. ದ್ಯಾಮಣ್ಣಾ, ಏಳಪಾ.”

ಯಾರೂ ಏಳಲಿಲ್ಲ. ಮೂರು ವರ್ಷ ತನ್ನ ಹೆಸರು ಬಾರದ್ದನ್ನು ಕೂತು ಕೇಳಿದ್ದ ದ್ಯಾಮಣ್ಣ, ನಾಲ್ಕನೆಯ ಸಲ ಕೇಳಲು ನಿಲ್ಲದೆ ಹೊರಟುಹೋಗಿದ್ದ. ಕೊಟ್ರಪ್ಪನವರ ಕೈಯಲ್ಲಿ ಅವನು ಹೋಗುವಾಗ ಕೊಟ್ಟುಹೋದ ಬೂಟುಗಳಿದ್ದವು.

“ಏನಂದ?” ಎಂದು ಕೇಳಿದರು ರಾಜಾಸಾಬರು.

“‘ಯಾರಿಗರ ಕೊಡ್ರಿ’ ಅಂದಾನ್ರಿ ಸರ.”

“ಕೊಡ್ರಿ ಅಂದ್ನಾ!” ಹಿರಿಯರು ಆ ಬೂಟುಗಳನ್ನು ಇಸಿದುಕೊಂಡರು. “ಒಮ್ಮಿ ಬಾಯಾಗ ಆ ಮಾತು ಬಂದೈತಿ, ಅದೂ ಮಂದಿ ಸಲುವಾಗಿ. ಗಾಡಿ ತಗೀರಿ ಕೊಟ್ರಪ್ಪ.”

ಸಾಣಾಪುರ ಮುಟ್ಟುವಾಗ ಬಿಸಿಲು ಇಳಿದಿತ್ತು. ಪ್ರವಾಸಿಗರು ಹೋಗಿದ್ದರು. ದ್ಯಾಮಣ್ಣ ಕೆರೆಯ ದಂಡೆಯಲ್ಲಿ ಹರಿಗೋಲನ್ನು ಬೋರಲು ಹಾಕುತ್ತಿದ್ದ. ಹಿರಿಯರನ್ನು ಕಂಡು ಗಾಬರಿಯಿಂದ ಕೈ ಒರೆಸಿಕೊಂಡ. ರಾಜಾಸಾಬರು ಬೂಟುಗಳನ್ನು ಮುಂದೆ ಹಿಡಿದು, ತಮ್ಮ ಮನೆಮಾತಿನಲ್ಲಿ, “ಲೇ” ಎಂದರು.

ದ್ಯಾಮಣ್ಣ ಬೂಟು ನೋಡಿದ, ಅವರ ಮುಖ ನೋಡಿದ. “ಯಾರಿಗೂ ಹೊಂದಲಿಲ್ಲೇನ್ರಿ ಸರ?”

“ನಾಕೂ ತಾಲ್ಲೂಕು ಹುಡುಕಿದ್ವಿ. ಯಾರ ಕಾಲಿಗೂ ಹೊಂದಂಗಿಲ್ಲಪಾ ಇವು. ತಗೋ.”

ಅವನು ತಗೊಂಡ. ಕೊಟ್ರಪ್ಪನವರು ಕೆರೆಯ ಕಡೆ ತಿರುಗಿ ನಿಂತು ಕಣ್ಣೊರೆಸಿಕೊಂಡರು.

ಆ ವರ್ಷ ವಲಯ ಪಂದ್ಯಾವಳಿಯ ಕಪ್ಪು ಸಂಘಕ್ಕೆ ಬಂದದ್ದು ಎಲ್ಲರಿಗೂ ಗೊತ್ತು. ‘ಇವರು ಮಾತಾಡದೇ ಆಡ್ತಾರಲ್ಲ’ ಎಂದು ಬೇರೆ ಊರಿನವರು ಬೆರಗಾದದ್ದೂ ಗೊತ್ತು. ಆದರೆ ಕೊಟ್ರಪ್ಪನವರ ಬೆರಗು ಕಪ್ಪಿನದಲ್ಲ. ಜೀವಮಾನವೆಲ್ಲ ನಂಬಿ ನಡೆದ ರೀತಿಯಲ್ಲಿ ಒಂದು ಬಿರುಕು ಕಂಡಾಗ, ಅದನ್ನು ಮುಚ್ಚಿಕೊಳ್ಳದೆ, ಇಡೀ ರೀತಿಯನ್ನೇ ಎಸೆಯದೆ, ಕುರ್ಚಿ ತಿರುಗಿಸಿ ನೋಡಿದ ಆ ದೊಡ್ಡತನದ ಬೆರಗು ಅದು. ಮರುವಾರ ಕುರ್ಚಿ ಮತ್ತೆ ಗೋಡೆಗೆ ಮುಖವಾಗಿತ್ತು. ಆಟದ ನಡುವೆ ಒಮ್ಮೆ ತಿರುಗಿ ನೋಡುವ ಅಭ್ಯಾಸವೊಂದು ಹೊಸದಾಗಿ ಸೇರಿತ್ತು.

ಈಗ ತಂಡ ಆರಿಸುವ ಹೊಣೆ ಕೊಟ್ರಪ್ಪನವರದು, ಕಿರಿಯರಿಗೆ ಕಲಿಸುವ ಹೊಣೆ ದ್ಯಾಮಣ್ಣನದು. ನಿವೃತ್ತರಾದ ಮೇಲೂ ಮೈದಾನಕ್ಕೆ ಬಂದು ಕೂರಲು ರಾಜಾಸಾಬರಿಗೆ ಆಸೆಯಿದೆಯೆಂದು ಫಾತಿಮಾಬೀ ಅವರಿಂದ ತಿಳಿಯಿತು. ಅವರಾಗಿ ಅದನ್ನು ಯಾರಲ್ಲೂ ಕೇಳಿಲ್ಲ, ಕೇಳುವವರೂ ಅಲ್ಲ. ಆದರೆ ಕಳೆದ ವಾರ ಬೆಳಿಗ್ಗೆ ಅವರು ಸುಮ್ಮನೆ ಆ ಕಡೆ ಸುತ್ತಾಡಲು ಬಂದಾಗ, ಹೊಸ ಬಣ್ಣ ಬಳಿದ ಅದೇ ಕಟ್ಟಿಗೆಯ ಕುರ್ಚಿ ಗೆರೆಯ ಪಕ್ಕದಲ್ಲಿ, ಮೈದಾನಕ್ಕೆ ಬೆನ್ನಾಗಿ, ಅವರಿಗಾಗಿ ಕಾದಿತ್ತು. ದ್ಯಾಮಣ್ಣ ದೂರದಲ್ಲಿ ಹುಡುಗರನ್ನು ಓಡಿಸುತ್ತಿದ್ದ. ಈ ಕಡೆ ನೋಡಲೂ ಇಲ್ಲ.

ಆ ಕುರ್ಚಿಯಲ್ಲಿ ರಾಜಾಸಾಬರು ನೂರು ತುಂಬುವವರೆಗೂ ಕೂತಿರಲಿ, ಅವರ ಕಿವಿ ಚುರುಕಾಗಿರಲಿ, ಚಹಾ ಬಿಸಿಯಾಗಿರಲಿ.