ಅಕ್ಕನ ಕುರಿಗೆ ನನ್ನ ಓಲೆ

ಕುರಿಯ ಕಿವಿಯನ್ನು ನಾನು ನೇರವಾಗಿ ನೋಡಲಾರೆ. ಮುಖ ನೋಡಬಲ್ಲೆ, ಬಾಲ ನೋಡಬಲ್ಲೆ, ಸಾರಿನಲ್ಲಿ ಬಂದರೆ ಎರಡನೇ ಸಲ ಬಡಿಸಿಕೊಳ್ಳಲೂ ಬಲ್ಲೆ. ಆದರೆ ದಾರಿಯಲ್ಲಿ ಮಂದೆ ಎದುರಾಗಿ ಒಂದು ಕುರಿ ಕಿವಿ ಒದರಿತೆಂದರೆ ನನ್ನ ಕಣ್ಣು ತಾನಾಗಿ ರಾಗಿ ಹೊಲದ ಕಡೆಗೆ ಹೊರಳುತ್ತದೆ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಗಂಡಸಿ ಊರಿನಲ್ಲಿ ಸೈಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಅಷ್ಟು ಓದು ಊರವರ ಅರ್ಜಿ ತುಂಬಲು, ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ತೋರಿಸಲು ಧಾರಾಳವಾಗಿ ಸಾಕಾಗುತ್ತಿತ್ತು. ಪೂರ್ತಿ ಓದಿದವರಿಗೆ ಸಂಬಳ ಬರುತ್ತದೆ, ಓದೇ ಇಲ್ಲದವರಿಗೆ ಭಯ ಇರುತ್ತದೆ. ನನ್ನಂಥ ಅರೆಬರೆಯವರಿಗೆ ಎರಡೂ ಇಲ್ಲ, ಉಪಾಯ ಮಾತ್ರ ಇರುತ್ತದೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕಡೆಗೆ ಕುರಿ ಸಬ್ಸಿಡಿ ಬಂತು. ಇಪ್ಪತ್ತು ಕುರಿ ಕೊಂಡು ತೋರಿಸಿದರೆ ಸರ್ಕಾರ ಅದರಲ್ಲಿ ಒಂದು ಪಾಲು ಕೊಡುತ್ತಿತ್ತು. ಕೊಳ್ಳುವುದು ಕಷ್ಟ, ತೋರಿಸುವುದು ಸುಲಭ. ಹೀಗಾಗಿ ಆ ವರ್ಷ ನಮ್ಮ ಸುತ್ತಿನ ಕುರಿಗಳಿಗೆ ಮೇಯುವುದಕ್ಕಿಂತ ಫೋಟೋಕ್ಕೆ ನಿಲ್ಲುವ ಕೆಲಸವೇ ಹೆಚ್ಚಾಯಿತು. ಕಣಕಟ್ಟೆ ಕಡೆಯ ಒಂದು ಟಗರಂತೂ ಮೂರು ಊರಲ್ಲಿ ಮೂರು ಜನ ಯಜಮಾನರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಿತ್ತು ಎಂದು ಹೇಳುತ್ತಿದ್ದರು.

ನನ್ನ ಹತ್ತಿರ ಕುರಿ ಇರಲಿಲ್ಲ. ಅಕ್ಕನ ಹತ್ತಿರ ಇದ್ದವು. ಪುಟ್ಟಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಎರಡು ಕುರಿ ಹೊಡೆದುಕೊಂಡು ಊರಿಗೆ ಬಂದು, ಆ ಎರಡರಿಂದಲೇ ಇಪ್ಪತ್ತು ಮಾಡಿದ್ದಳು.

"ಒಂದ್ ಗಳಿಗೆ ನಿನ್ನ ಕುರಿ ಕೊಡಕ್ಕ, ಡಾಕ್ಟ್ರಿಗೆ ತೋರಿಸ್ಬುಟ್ಟು ಹೊಡ್ಕೊಂಡ್ ಬತ್ತೀನಿ" ಎಂದೆ.

"ನೋಡುದ್ರೆ ಏನ್ ಸವ್ದೋಯ್ತಾವಾ? ಹೊಡ್ಕೊಂಡೋಗ್ಲಾ" ಎಂದಳು.

ಆದರೆ ಕುರಿಗಳು ನನ್ನ ಮಾತು ಕೇಳಬೇಕಲ್ಲ. ಅಕ್ಕ ಬೇಲಿಯಾಚೆ ನಿಂತಿದ್ದರೆ ಅಷ್ಟೂ ಅತ್ತಲೇ ನುಗ್ಗುತ್ತಿದ್ದವು. ದನದ ಡಾಕ್ಟರು ನಕ್ಕರು: "ಏನ್ರೀ ರಂಗಣ್ಣ, ನಿಮ್ಮ ಕುರಿಗೆ ನಿಮ್ಮ ಗುರುತೇ ಇಲ್ವಲ್ರೀ?"

"ಹೊಸಾವು ಸಾರ್, ಈಗ ತಂದಿದ್ದು" ಎಂದೆ. ಕೊನೆಗೆ ಅಕ್ಕನನ್ನೇ ಕರೆದು ಹಿಡಿಸಬೇಕಾಯಿತು. ಆಗ ಡಾಕ್ಟರು ಚೀಲದಿಂದ ಇಕ್ಕಳದಂಥದ್ದೊಂದನ್ನು ತೆಗೆದರು. ಫೋಟೋ ಮಾತ್ರ ಎಂದುಕೊಂಡಿದ್ದ ನನಗೆ ಕಿವಿಗೆ ನಂಬರಿನ ಬಿಲ್ಲೆ ಚುಚ್ಚುತ್ತಾರೆಂದು ಗೊತ್ತಿರಲಿಲ್ಲ. ಊರವರು ಅದಕ್ಕೆ ಓಲೆ ಎನ್ನುತ್ತಿದ್ದರು. ಬೇಡ ಸಾರ್ ಎನ್ನಲು ಇಪ್ಪತ್ತು ಸಲ ಅವಕಾಶವಿತ್ತು. ಅಕ್ಕ ಒಂದೊಂದೇ ತಲೆಯನ್ನು ತೊಡೆಯ ನಡುವೆ ಅದುಮಿ ಹಿಡಿದಳು. ಡಾಕ್ಟರು ನನ್ನ ಹೆಸರಿನ ಓಲೆಯನ್ನು ಒಂದೊಂದಕ್ಕೇ ಚುಚ್ಚಿದರು.

ಸಬ್ಸಿಡಿಯಲ್ಲಿ ಸೆಕೆಂಡ್ ಹ್ಯಾಂಡ್ ಮೊಪೆಡ್ ಕೊಂಡು ಹಳೇಬೀಡಿಗೆ ಸವಾರಿ ಹೋದೆ. ಗುಡಿಯ ಗೋಡೆಯ ಸುತ್ತ ಆನೆಯ ಸಾಲು, ಕುದುರೆಯ ಸಾಲು, ಹಂಸದ ಸಾಲು. ಕುರಿಯ ಸಾಲು ಹುಡುಕಿದೆ, ನನ್ನ ಕಣ್ಣಿಗೆ ಬೀಳಲಿಲ್ಲ. ರಾಜರ ಕಾಲದಲ್ಲಿ ಕುರಿಗೆ ಲೆಕ್ಕವಿರಲಿಲ್ಲ, ನಮ್ಮ ಕಾಲದಲ್ಲಿ ಸರ್ಕಾರವೇ ಓಲೆ ಹಾಕುತ್ತಿದೆ ಎಂದು ದೊಡ್ಡ ಪಂಡಿತನ ಹಾಗೆ ಹಿಗ್ಗಿದೆ. ಯಾರ ಕುರಿಗೆ ಯಾರ ಓಲೆ ಎಂಬುದು ಆ ಹಿಗ್ಗಿನಲ್ಲಿ ನೆನಪಾಗಲಿಲ್ಲ.

ಮಾರನೇ ವರ್ಷ ಹೆಂಗಸರಿಗೆಂದೇ ಇನ್ನೊಂದು ಸ್ಕೀಮು ಬಂತು. ಕುರಿ ಇದ್ದವರಿಗೆ ಕೊಟ್ಟಿಗೆ ಕಟ್ಟಿಕೊಳ್ಳಲು ಸಹಾಯ. ಅಕ್ಕನ ಕುರಿಗಳ ತಲೆಯ ಮೇಲೆ ಹರಕು ಟಾರ್ಪಾಲು ಬಿಟ್ಟರೆ ಏನೂ ಇರಲಿಲ್ಲ. ಅರ್ಜಿಯನ್ನು ನಾನೇ ತುಂಬಿದೆ, ಓಲೆಯ ವಿಷಯ ಹೇಗೋ ಯಾರ ಕಣ್ಣಿಗೂ ಬೀಳದೆ ತಪ್ಪಿಹೋದೀತೆಂದು. ಬಂದವರು ಅದೇ ಡಾಕ್ಟರು. ಕುರಿಯ ಕಿವಿ ಮಡಿಸಿ ನೋಡಿ, "ಇವು ರಂಗಣ್ಣನ ಕುರಿ ಅಲ್ವೇನಮ್ಮ?" ಎಂದರು.

ನಾನು ಅಲ್ಲೇ ಇದ್ದೆ. ಮೊಪೆಡ್ಡಿನ ಚೈನು ನೋಡುತ್ತಿದ್ದೆ.

ಅಕ್ಕ ಒಮ್ಮೆ ನನ್ನ ಕಡೆ ನೋಡಿದಳು. "ಊಂ ಸ್ವಾಮಿ, ನನ್ ತಮ್ಮುಂದೇಯ. ನಾನು ಮೇಯ್ಸಾಕೆ ಇದ್ದೀನಿ" ಎಂದಳು.

ಹೀಗೆ ನನ್ನ ಅಕ್ಕ ತನ್ನ ಕುರಿಗೇ ಆಳಾದಳು. ಡಾಕ್ಟರು ಹೋದ ಮೇಲೂ ನಾನು ಚೈನು ನೋಡುತ್ತಲೇ ಇದ್ದೆ. ಅದಕ್ಕೆ ಏನೂ ಆಗಿರಲಿಲ್ಲ.

ಆ ಮಳೆಗಾಲ ನೀಲಿನಾಲಿಗೆ ರೋಗ ಬಂದು ಹದಿನೇಳು ಕುರಿ ಸತ್ತವು. ಕೊಟ್ಟಿಗೆ ಇದ್ದಿದ್ದರೆ ಉಳಿಯುತ್ತಿದ್ದವೋ ಇಲ್ಲವೋ, ಡಾಕ್ಟರೂ ಹೇಳಲಾರರು. ಆ ಅನುಮಾನವನ್ನೂ ನಾನು ಸಬ್ಸಿಡಿಯ ಹಾಗೆ ಬಳಸಿಕೊಳ್ಳುತ್ತಾ ಬಂದಿದ್ದೇನೆ. ಓಲೆ ಹಾಕಿದ ಕುರಿಗೆ ವಿಮೆ ಇರುತ್ತದೆ. ಸತ್ತರೆ ಓಲೆಯ ಸಮೇತ ಕಿವಿ ಕೊಯ್ದು ಆಫೀಸಿಗೆ ತಂದು ತೋರಿಸಬೇಕು. ಅಕ್ಕ ಹದಿನೇಳು ಕಿವಿಯನ್ನೂ ತಾನೇ ಕೊಯ್ದು, ಉಪ್ಪು ಹಾಕಿ, ಹಳೇ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ ಅಂಗಡಿಗೆ ತಂದಳು.

"ತಗಳಪ್ಪ, ನಿನ್ನವು" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ವಿಮೆ ದುಡ್ಡು ನನ್ನ ಹೆಸರಿಗೇ ಬಂತು. ಅಷ್ಟನ್ನೂ ಕೊಡೋಣವೆಂದೇ ಅಕ್ಕನ ಮನೆಗೆ ಹೋದೆ. "ನಿನ್ ಕುರಿ ಸತ್ರೆ ನಂಗ್ಯಾಕ್ಲಾ ದುಡ್ಡು? ಒಂದ್ ವರ್ಸ ಮೇಯ್ಸಿದ್ದೀನಿ, ಆಳಿಗೆ ಎಷ್ಟ್ ಕೊಡ್ತೀಯೋ ಅಷ್ಟ್ ಕೊಡು, ಸಾಕು" ಎಂದಳು.

ಇನ್ನು ಮುಂದಿನದು ಹೇಳಲು ಇಷ್ಟೆಲ್ಲ ಸುತ್ತಿ ಬಳಸಿ ಬಂದೆ. ನಾನು ಅಷ್ಟೇ ಕೊಟ್ಟೆ. ಮಿಕ್ಕಿದ್ದನ್ನು ಜೇಬಿಗೆ ಹಾಕಿಕೊಂಡೆ. ಅವಳೇ ಹಾಗೆ ಕೇಳಿದಳಲ್ಲ ಎಂದು ದಾರಿಯುದ್ದಕ್ಕೂ ಮೊಪೆಡ್ಡಿಗೆ ಹೇಳಿಕೊಂಡು ಬಂದೆ. ಆ ದುಡ್ಡಿನಲ್ಲಿ ನನ್ನ ಸೈಕಲ್ ಶಾಪಿಗೆ ಹೊಸ ಶೀಟು ಹಾಕಿಸಿದೆ. ಈಗ ಮಳೆ ಬಂದರೆ ಅಂಗಡಿ ಒಂದು ತೊಟ್ಟೂ ಸೋರುವುದಿಲ್ಲ. ನಾನು ಒಳಗೆ ಕೂತು ಶೀಟಿನ ಮೇಲಿನ ಸದ್ದು ಕೇಳುತ್ತೇನೆ.

ಉಳಿದ ಮೂರು ಕುರಿಗಳಲ್ಲಿ ಒಂದು ಆಮೇಲೆ ಮರಿ ಹಾಕಿತು. ನೋಡಲು ಹೋದಾಗ ಅಕ್ಕ ಮರಿಯನ್ನು ಎತ್ತಿ ಅದರ ಕಿವಿ ಹಿಡಿದು ತೋರಿಸಿದಳು. "ನೋಡ್ಲಾ ರಂಗ, ಇದುಕ್ ಏನೂ ಇಲ್ಲ. ಇದು ನಂದು."

ಈಗ ಅವಳ ಹತ್ತಿರ ಮತ್ತೆ ಒಂಬತ್ತು ಕುರಿ ಆಗಿವೆ. ಟಾರ್ಪಾಲು ಅದೇ. ಹಬ್ಬಕ್ಕೆ ಕರೆಯುತ್ತಾಳೆ, ಊಟಕ್ಕೆ ಬಡಿಸುತ್ತಾಳೆ, ಬಿಕ್ಕಳಿಕೆ ಬಂದರೆ ನೀರು ಕೊಡುತ್ತಾಳೆ. ಮೊಪೆಡ್ಡಿನ ಸದ್ದು ಕೇಳಿದಾಗ ಮಾತ್ರ ಪಕ್ಕದಲ್ಲಿ ಯಾವ ಮರಿ ಇರುತ್ತದೋ ಅದರ ಕಿವಿಯ ಮೇಲೆ ಅಂಗೈ ಇಡುತ್ತಾಳೆ. "ತಮಾಸೆ ಕಣ್ಲಾ" ಎಂದು ನಗುತ್ತಾಳೆ. ನಾನೂ ನಗುತ್ತೇನೆ. ನಾನು ಎದ್ದು ಹೊರಡುವವರೆಗೂ ಅವಳು ಆ ಕೈ ತೆಗೆಯುವುದಿಲ್ಲ.