ಬೇಲಿ ನುಸಿದು ಬರುತ್ತಿದ್ದ ಅಕ್ಕ

ಮೊನ್ನೆ ನಾಯಿಮರಿಗೆ ಕೊರಳಪಟ್ಟಿ ತರಲು ತಿಪಟೂರಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವನು ಒಳಗಿನಿಂದ ಕಬ್ಬಿಣದ್ದೊಂದನ್ನು ತಂದು ಮುಂದಿಟ್ಟ. ಒಳಮೈ ತುಂಬ ಮುಳ್ಳು. "ಇದ್ ಹಾಕಿ ಮೇಡಂ, ಎಳುದ್ರೆ ಚುಚ್ತದೆ. ವಾರದಲ್ಲಿ ಬುದ್ಧಿ ಬತ್ತದೆ" ಅಂದ. ಕೈಗೆ ತೆಗೆದುಕೊಂಡು ನೋಡಿದೆ. ಕಬ್ಬಿಣದ ವಾಸನೆ ಬೆರಳಿಗೆ ಹತ್ತಿತು… ಪಕ್ಕದ ತೋಟದ ಅಕ್ಕ ನೆನಪಾದರು. ಅವರಿದ್ದಿದ್ದರೆ, ಮೊದಲು ನಿನ್ನ ಕೊರಳಿಗೆ ಹಾಕಿಕೊಂಡು ತೋರಿಸಪ್ಪ ಅನ್ನುತ್ತಿದ್ದರು.

ನಾನು ಮದುವೆಯಾಗಿ ಬಂದದ್ದು ಹೊನ್ನವಳ್ಳಿ ಕಡೆಯ ತೋಟದ ಮನೆಗೆ. ಅಟ್ಟದ ತುಂಬ ಕೊಬ್ಬರಿಗೆಂದು ಹಾಕಿದ ತೆಂಗಿನಕಾಯಿ. ಅದು ಒಳಗೇ ಒಣಗಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಬೇಕು. ಅಷ್ಟೂ ಕಾಲ ಕಳ್ಳರ ಭಯ. ಕಾವಲಿಗೆ ಕರಿಯ ಅನ್ನುವ ನಾಯಿಯಿತ್ತು. ಕಾವಲು ನಾಯಿಗೆ ಒಬ್ಬರೇ ಅನ್ನ ಹಾಕಬೇಕು, ಕಂಡವರ ಕೈಲಿ ತಿನ್ನುವುದು ಕಲಿತರೆ ಕಳ್ಳರು ವಿಷ ಹಾಕುತ್ತಾರೆ ಅನ್ನುವುದು ಮಾವನವರ ನಂಬಿಕೆ. ಮರಿಯಾಗಿದ್ದಾಗಿನಿಂದ ತಾವೊಬ್ಬರೇ ಮುದ್ದೆ ಹಾಕಿ, ಬೇರೆಯವರಿಗೆ ಬಾಲ ಆಡಿಸಿದರೆ ಕೋಲಿನಲ್ಲಿ ಬಾರಿಸಿ ಬೆಳೆಸಿದ್ದರು. ದಂಡಂ ದಶಗುಣಂ ಅನ್ನುವುದು ಅವರಿಗೆ ಬರುತ್ತಿದ್ದ ಒಂದೇ ಸಂಸ್ಕೃತ.

ಕರಿಯನನ್ನು ಕಟ್ಟುತ್ತಿದ್ದದ್ದು ಮುಂಬಾಗಿಲ ಎದುರಿನ ತೆಂಗಿನ ಮರಕ್ಕೆ. ಸರಪಳಿ ಮೆಟ್ಟಿಲವರೆಗೂ ಬರುತ್ತಿತ್ತು. ಅದು ಕಳ್ಳರನ್ನು ತಡೆದದ್ದನ್ನು ನಾನಂತೂ ಕಾಣೆ, ನನ್ನನ್ನು ಮಾತ್ರ ಚೆನ್ನಾಗಿ ತಡೆದಿತ್ತು. ಹೊರಗೆ ಹೋಗಬೇಕಾದರೆ ಮಾವನವರು ಬಂದು ನಾಯಿ ಹಿಡಿದುಕೊಳ್ಳಬೇಕು, ಬರುವಾಗ ಗೇಟಿನ ಹತ್ತಿರ ನಿಂತು ಕೂಗಬೇಕು. ಹಿಂದಿನ ಬಾಗಿಲಿನಿಂದ ಹೋದರೆ ಬಸಿಗಾಲುವೆ, ಅದರಾಚೆ ಪಕ್ಕದ ತೋಟದವರ ತಂತಿಬೇಲಿ. ಸೀರೆ ಉಟ್ಟವರು ದಿನಾ ನುಸಿಯುವ ದಾರಿಯಲ್ಲ ಅದು. ತಿಪಟೂರಿನ ಶಾಲೆಯೊಂದರಲ್ಲಿ ಜೂನ್‌ನಿಂದ ಪಾಠ ಮಾಡಲು ಬನ್ನಿ ಅಂದಿದ್ದರು. ಮಾವನವರು, "ದಿನಾ ನಾಯಿ ಹಿಡ್ಕಂಡು ನಿಂತ್ಕಳಕೆ ನಂಗೇನ್ ಬೇರೆ ಕೆಲ್ಸ ಇಲ್ವಾ? ಸ್ಕೂಲು ಗೀಲು ಬುಡು" ಅಂದರು. ನನ್ನ ಯಜಮಾನರು ನಕ್ಕು ತೋಟದ ಕಡೆ ನಡೆದರು. ನನ್ನ ಓದಿಗೆ ನಾಯಿ ಅಡ್ಡ ಮಲಗಿತ್ತು. ರಾತ್ರಿ ಹಗಲು ಅದೇ ಸಂಕಟ ನನಗೆ.

ಆ ಬೇಸಿಗೆಯಲ್ಲಿ ಮಾವನವರು ಅಟ್ಟದ ಏಣಿಯಿಂದ ಜಾರಿ ಸೊಂಟ ಮುರಿದುಕೊಂಡರು. ಯಜಮಾನರು ಅವರ ಜೊತೆ ತುಮಕೂರಿನ ಆಸ್ಪತ್ರೆಯಲ್ಲಿ ಉಳಿದರು. ಮನೆಯಲ್ಲಿ ಅತ್ತೆ, ನಾನು, ಬಾಗಿಲಲ್ಲಿ ಕರಿಯ. ಅತ್ತೆ ಕೋಲಿನ ತುದಿಯಿಂದ ತಟ್ಟೆ ತಳ್ಳಿದರೆ ಅದು ಕೋಲನ್ನೇ ಕಚ್ಚುತ್ತಿತ್ತು, ಮುದ್ದೆ ಮುಟ್ಟುತ್ತಿರಲಿಲ್ಲ. ಬಿಚ್ಚೋಣವೆಂದರೆ ಹತ್ತಿರ ಹೋಗುವವರು ಯಾರು? ನಾವು ಒಳಗೆ, ಅದು ಹೊರಗೆ. ಮೂವರನ್ನೂ ಕಟ್ಟಿ ಹಾಕಿದ್ದು ಒಂದೇ ಸರಪಳಿ.

ಎಡೆಬಿಡದೆ ಬೊಗಳುವುದು ಕೇಳಿ ಪಕ್ಕದ ತೋಟದ ಅಕ್ಕ ಬೇಲಿ ನುಸಿದು ಬಂದರು. ಅವರ ಯಜಮಾನರು ಲಕ್ವ ಹೊಡೆದು ಎಷ್ಟೋ ವರ್ಷದಿಂದ ಹಾಸಿಗೆ ಹಿಡಿದಿದ್ದರು. ಏನು ಬೇಕಾದರೂ ಲೋಟದಿಂದ ಮಂಚ ಬಡಿಯುತ್ತಿದ್ದರು, ಅದು ನಮ್ಮ ಹಿತ್ತಲವರೆಗೂ ಕೇಳಿಸುತ್ತಿತ್ತು. ಅಕ್ಕ ಆ ಸದ್ದು ಕೇಳಿಸುವಷ್ಟು ದೂರವನ್ನು ದಾಟಿ ಆಚೆ ಹೋದವರಲ್ಲ. ತವರು ತುರುವೇಕೆರೆ, ಒಂದೇ ಬಸ್ಸಿನ ದಾರಿ. ಅಲ್ಲಿಯ ಮದುವೆಗಳಿಗೂ ಹೋಗುತ್ತಿರಲಿಲ್ಲ.

ಅಕ್ಕ ಮೊದಲು ಮಾಡಿದ್ದು ಜಗುಲಿಯ ಮೇಲಿದ್ದ ಕೋಲನ್ನು ಒಳಗೆ ಇಡಿಸಿದ್ದು. ಆಮೇಲೆ ಜಗುಲಿಯಲ್ಲೇ ಸರಪಳಿ ಎಟುಕದ ಜಾಗದಲ್ಲಿ ಕರಿಯನಿಗೆ ಓರೆಯಾಗಿ ಕೂತು, ತೆಂಗಿನ ಗರಿ ಸೀಳಿ ಪೊರಕೆಕಡ್ಡಿ ತೆಗೆಯತೊಡಗಿದರು. ಅದರ ಕಡೆ ನೋಡಲೇ ಇಲ್ಲ. ಕರಿಯ ಬೊಗಳಿ ಬೊಗಳಿ ಉಸಿರು ತೆಗೆದುಕೊಳ್ಳಲು ನಿಂತಿತು. ಕೂಡಲೇ ಒಂದು ತುತ್ತು ಮುದ್ದೆ ಅದರ ಮುಂದೆ ಬಿತ್ತು. ಮತ್ತೆ ಬೊಗಳಿತು, ಮತ್ತೆ ಕಡ್ಡಿ ಕೆಲಸ. ಬೊಗಳಿದರೆ ಏನೂ ಇಲ್ಲ, ಸುಮ್ಮನಾದರೆ ತುತ್ತು. ಅಕ್ಕ ಎದ್ದು ಹೋದ ಮೇಲೆ ಕರಿಯ ಆ ಮುದ್ದೆಯನ್ನು ಮೂಸಿ ಮೂಸಿ ತಿಂದಿತು. ಕಿಟಕಿಯಿಂದ ನೋಡುತ್ತಿದ್ದ ಅತ್ತೆ ಕೈ ಮುಗಿದೇ ಬಿಟ್ಟರು.

ಮಾರನೆಯ ದಿನದಿಂದ ನನ್ನನ್ನೂ ಕೂರಿಸಿಕೊಂಡರು. ಕರಿಯ ಗುರ್ ಅಂದಾಗ ನಾನು, "ಏಯ್!" ಎಂದು ಗದರಿದೆ. ಅಕ್ಕ ನನ್ನ ಮಂಡಿಯ ಮೇಲೆ ಕೈ ಇಟ್ಟರು.

"ಗದರ್ಬೇಡ ಕಣೆ. ಗುರ್ ಅನ್ನೋದು ಅದ್ರ ಮಾತು. ಅದ್ನೂ ಬಾಯ್ ಮುಚ್ಚಿಸ್‌ಬುಟ್ರೆ, ಆಮೇಲೆ ಹೇಳ್ದೇನೇ ಕಚ್ತದೆ."

ಇದೆಲ್ಲ ಎಲ್ಲಿ ಕಲಿತಿರಿ ಅಂತ ಕೇಳಿದೆ. ಅವರು ಕಡ್ಡಿ ಸೀಳುತ್ತಲೇ, "ನಮ್ಮೆಜಮಾನ್ರಿಗೆ ಉಣ್ಸಿ ಉಣ್ಸಿ" ಅಂದು ನಕ್ಕರು. ಮೊದಮೊದಲು ಯಜಮಾನರೂ ಸಿಟ್ಟಿನಲ್ಲಿ, ಆಡುತ್ತಿದ್ದ ಒಂದೇ ಕೈಯಿಂದ ತಟ್ಟೆಯನ್ನೇ ತಳ್ಳುತ್ತಿದ್ದರಂತೆ. ಅಷ್ಟರಲ್ಲಿ ಲೋಟ ಬಡಿದ ಸದ್ದು. ನಗು ಮುಖದ ಮೇಲೆ ಇರುವಾಗಲೇ ಎದ್ದು ಹೋದರು…

ದಿನ ಕಳೆದಂತೆ ನನ್ನ ಕೈಯಿಂದ ತಿನ್ನುವುದಾಯಿತು. ಕೂತ್ಕೋ ಅಂದಾಗ ಕೂತರೆ ಮಾತ್ರ ತುತ್ತು ಅನ್ನುವುದು ಕರಿಯನಿಗೆ ಬೇಗ ಹತ್ತಿತು, ಮುಂದೆ ನನ್ನ ಶಾಲೆಯ ಮಕ್ಕಳಿಗೂ ಅಷ್ಟು ಬೇಗ ಏನೂ ಹತ್ತಿದ್ದಿಲ್ಲ. ಕೊನೆಗೆ ಸರಪಳಿ ಬಿಚ್ಚಿ ಉದ್ದನೆಯ ಹಗ್ಗ ಕಟ್ಟಿದೆವು. ಅಲ್ಲೊಂದು ತಮಾಷೆ, ತಮಾಷೆಯಲ್ಲ ಅದು. ಸರಪಳಿ ಎಳೆದೆಳೆದು ಮರದ ಸುತ್ತ ಮಣ್ಣು ಸವೆದು ಗೆರೆ ಬಿದ್ದಿತ್ತು. ಹಗ್ಗ ಸಡಿಲವಿದ್ದರೂ ಕರಿಯ ಆ ಗೆರೆಯ ಹತ್ತಿರ ಬಂದು ನಿಂತುಬಿಟ್ಟಿತು. ನಾನು ಹಗ್ಗ ಎಳೆಯಹೋದೆ. ಅಕ್ಕ ಬೇಡವೆಂದು, ಗೆರೆಯಾಚೆ ಹೋಗಿ ಮಣ್ಣಿನಲ್ಲೇ ಕೂತರು. ಕರೆಯಲೂ ಇಲ್ಲ, ಸುಮ್ಮನೆ ಕೂತರು. ಅದಾಗಿ ಅದೇ ಒಂದು ಕಾಲು ಆಚೆ ಇಟ್ಟಿತು, ತೆಗೆಯಿತು, ಮತ್ತೆ ಇಟ್ಟಿತು. ದಾಟಿ ಬಂದಾಗ ನಾನು ಅತ್ತುಬಿಟ್ಟೆ.

ಆಸ್ಪತ್ರೆಯಿಂದ ಬಂದ ಮಾವನವರು, ಕರಿಯ ನನ್ನ ಕೈಯಿಂದ ತಿನ್ನುವುದನ್ನು ನೋಡಿ ಸಿಡಿಮಿಡಿಗೊಂಡರು. "ಸಾಕಿದ್ ನಾಯೀನ ಕೆಡಿಸ್‌ಬುಟ್ರಲ್ಲ" ಎಂದು ಊರುಗೋಲು ಎತ್ತಿದರು. ಕರಿಯ ನೆಲಕ್ಕೆ ಅವುಚಿಕೊಂಡಿತು. ನಾನು ನಡುವೆ ನಿಂತೆ. "ಹೊಡೀಬೇಡಿ ಮಾವ. ಕೂತ್ಕೋ ಅನ್ನಿ, ಕೂತ್ಕೊಳ್ಳುತ್ತೆ" ಅಂದೆ. ಆ ಮನೆಯಲ್ಲಿ ನಾನು ಎದುರು ಮಾತಾಡಿದ್ದು ಅದೇ ಮೊದಲು. ಮಾವನವರು ಗಂಟುಮುಖದಲ್ಲೇ ಹೇಳಿದರು. ಕರಿಯ ಕೂತಿತು. ನಂಬಿಕೆ ಬರದೆ ಎಬ್ಬಿಸಿ ಇನ್ನೊಂದು ಸಲ ಹೇಳಿದರು, ಮತ್ತೆ ಕೂತಿತು. ಆಮೇಲೆ ಮನೆಗೆ ಬಂದವರಿಗೆಲ್ಲ ತಾವೇ ಕಲಿಸಿದ್ದು ಅನ್ನುವ ಹಾಗೆ ತೋರಿಸುತ್ತಿದ್ದರು, ಪುಣ್ಯಾತ್ಮರು.

ಜೂನ್‌ನಲ್ಲಿ ನಾನು ಕರಿಯನ ಪಕ್ಕದಿಂದಲೇ ನಡೆದು ಬಸ್ಸು ಹತ್ತಿದೆ. ಅಕ್ಕ ಅವರ ಬೇಲಿಯ ಆಚೆ ನಿಂತು ನೋಡುತ್ತಿದ್ದರು.

ಕೆಲವು ವರ್ಷಕ್ಕೆ ಅವರ ಯಜಮಾನರು ತೀರಿಕೊಂಡರು. ಕರ್ಮವೆಲ್ಲ ಮುಗಿದ ಮೇಲೆ ಒಂದು ಭಾನುವಾರ, ತುರುವೇಕೆರೆಗೆ ಹೋಗಿ ಬರೋಣ ಬನ್ನಿ ಅಕ್ಕ, ನಾನೂ ಜೊತೆಗೆ ಬರುತ್ತೇನೆ ಎಂದು ಕರೆದೆ. ಒಳ್ಳೆ ಸೀರೆ ಉಟ್ಟು, ತಲೆ ಬಾಚಿ, ಗೇಟಿನ ತನಕ ಬಂದರು. ಅಲ್ಲಿ ನಿಂತು ಮನೆಯ ಕಡೆ ತಿರುಗಿದರು.

"ಮನೇಲಿ ಯಾರೂ ಇಲ್ಲ ಕಣೆ. ಹೆಂಗ್ ಬಿಟ್‌ಬರ್ಲಿ?"

ಅಷ್ಟು ವರ್ಷ ಮನೆಯಲ್ಲಿ ಒಬ್ಬರು ಇದ್ದಾರೆಂದು ಬರಲಾಗಲಿಲ್ಲ, ಈಗ ಯಾರೂ ಇಲ್ಲವೆಂದು. ಮತ್ತೂ ಎಷ್ಟೋ ಭಾನುವಾರ ಹೋಗಿ ಅವರ ಜಗುಲಿಯ ಮೇಲೆ ಕೂತೆ, ಬಲವಂತ ಮಾಡದೆ. ನಗುತ್ತಿದ್ದರು, ಕಾಫಿ ಕೊಡುತ್ತಿದ್ದರು. ಗೇಟು ದಾಟಲಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡರು. ನಮ್ಮ ಕಡೆಯ ಪದ್ಧತಿಯಂತೆ ಅವರದೇ ತೋಟದಲ್ಲಿ, ಯಜಮಾನರ ಪಕ್ಕದಲ್ಲೇ ಮಣ್ಣು ಮಾಡಿದರು. ಇನ್ನೆಲ್ಲಿ ಮಾಡುತ್ತಾರೆ, ಸರಿಯೇ. ಆದರೆ ಅವತ್ತು ನಾನು ತಡೆಯಲಾರದೆ ಅತ್ತದ್ದು ಅವರು ಸತ್ತರೆಂದಲ್ಲ, ಅವರನ್ನು ಅಲ್ಲೇ ಇಟ್ಟರಲ್ಲ ಎಂದು.