ನೀಲಿ ಬೆಂಡಿನ ಬಲೆ

ಬೀಳಗಿಯ ಆಚೆ, ಕೃಷ್ಣೆಯ ಹಿನ್ನೀರಿನ ದಂಡೆಯಲ್ಲಿ ಹದಿನೆಂಟು ಮೀನುಗಾರರ ಮನೆಗಳಿವೆ. ಅವರ ಹಳೆಯ ಊರು ನೀರಿನ ತಳದಲ್ಲಿದೆ. ಜಕ್ಕಪ್ಪ ತೆಪ್ಪದಲ್ಲಿ ಕೂತರೆ ಈಗಲೂ ಓಣಿಯ ಲೆಕ್ಕದಲ್ಲೇ ದಾರಿ ಹೇಳುತ್ತಾನೆ: ಗೌಡರ ಕಟ್ಟೆ ದಾಟಿ ಎಡಕ್ಕೆ ಹೊರಳು, ಹಿಟ್ಟಿನ ಗಿರಣಿಯ ಮೇಲೆ ಬಲೆ ಬಿಡು. ತಳದ ಆ ಗೋಡೆಗಳಿಗೆ, ಸತ್ತ ಜಾಲಿಗಿಡಗಳಿಗೆ ಬಲೆ ಸಿಕ್ಕಿಕೊಳ್ಳುತ್ತದೆ. ಜಗ್ಗಿದರೆ ಬರುವುದಿಲ್ಲ. ಕೊಯ್ದು ಬಿಟ್ಟು ಬರುವುದೇ ಎಲ್ಲರ ರೂಢಿಯಾಗಿತ್ತು. ನೈಲಾನ್ ಬಲೆ ಕೊಳೆಯುವುದಿಲ್ಲ. ಒಡೆಯ ಬಿಟ್ಟುಹೋದರೂ ವರ್ಷಗಟ್ಟಲೆ ಮೀನು ಹಿಡಿದು ಕೊಲ್ಲುತ್ತಲೇ ಇರುತ್ತದೆ.

ಇದನ್ನು ನಿಲ್ಲಿಸಿದವನು ಜಕ್ಕಪ್ಪ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು, ಐವತ್ತೆರಡು ವರ್ಷ, ಮೂಗಿನ ತುದಿಯಲ್ಲೇ ಸಿಟ್ಟು. ನಾಲ್ಕು ವರ್ಷಗಳ ಹಿಂದೆ ದಂಡೆಯ ಬೇವಿನ ಮರದ ಕೆಳಗೆ ಎಲ್ಲರನ್ನೂ ಕೂರಿಸಿ ಎರಡು ಮಾತು ಗಟ್ಟಿ ಮಾಡಿಸಿದ. ಪ್ರತಿ ಸೋಮವಾರ ದಂಡೆಯ ಕಸ, ಮನೆಮನೆಯ ಕಸ ಎತ್ತಬೇಕು. ಬಲೆ ಸಿಕ್ಕಿಕೊಂಡರೆ ಜಾಗ ಹೇಳಬೇಕು, ಎಲ್ಲರೂ ಕೂಡಿ ಬಿಡಿಸಿ ತರುವುದು. ಹೇಳದೆ ಬಿಟ್ಟವನ ತೆಪ್ಪವನ್ನು ಹದಿನೈದು ದಿನ ಬೇವಿನ ಮರದ ಕೆಳಗೆ ಬೋರಲು ಹಾಕುವುದು.

ಬಲೆ ಯಾರದೆಂದು ಕಂಡುಹಿಡಿಯುವುದು ಕಷ್ಟವಲ್ಲ. ಅದು ತೇಲಲೆಂದು ಹಳೆಯ ಹವಾಯಿ ಚಪ್ಪಲಿ ಕೊಯ್ದು ಬೆಂಡು ಮಾಡಿ ಕಟ್ಟುತ್ತಾರೆ. ಯಾರು ಯಾವ ಚಪ್ಪಲಿ ಮೆಟ್ಟುತ್ತಾರೆಂಬುದು ಹದಿನೆಂಟು ಮನೆಗೂ ಗೊತ್ತು.

ಈ ವರ್ಷ ಶಿವರಾತ್ರಿಯ ಹೊತ್ತಿಗೆ ನೀರಿಳಿದು ಗಿರಣಿಯ ಗೋಡೆ ತಲೆಯೆತ್ತಿತು. ಅದಕ್ಕೆ ಸುತ್ತಿಕೊಂಡ ಬಲೆಯಲ್ಲಿ ಎರಡು ನೀರುಕಾಗೆ, ಒಂದು ದೊಡ್ಡ ಆಮೆ ಸತ್ತು ತೂಗುತ್ತಿದ್ದವು. ದಾರ ಆಮೆಯ ಕುತ್ತಿಗೆಯನ್ನು ಎಲುಬಿನವರೆಗೆ ಕೊರೆದಿತ್ತು. ಬೆಂಡುಗಳು ನೀಲಿ, ಅಂಚಿಗೆ ಬಿಳಿ ಪಟ್ಟಿ. ಅಂಥ ಚಪ್ಪಲಿ ಮೆಟ್ಟುವುದು ಮುತ್ತಪ್ಪನ ಮನೆಯವರು.

“ಲೇ ಮುತ್ತಪ್ಪ, ಹೊರಗ ಬಾ!” ಜಕ್ಕಪ್ಪ ಬಲೆಯನ್ನು ಅವನ ಅಂಗಳಕ್ಕೇ ಎಳೆದು ತಂದ.

“ಜಕ್ಕಣ್ಣ, ನನ್ನ ಬಲಿ ಅಲ್ಲೋ ಇದು. ತಾಯಿ ಆಣಿ.”

“ಬಲಿ ನಿಂದಲ್ಲ, ಚಪ್ಪಲಿ ನಿಂದು! ಹಂಗಾರ ನಿನ್ನ ಚಪ್ಪಲಿ ತಾನ ನಡಕೊಂಡ ಹೋತೇನ ಗಿರಣಿಗಿ, ಜ್ವಾಳಾ ಬೀಸಾಕ?”

ಜನ ನಕ್ಕರು. ಮುತ್ತಪ್ಪ ನಗಲಿಲ್ಲ. ಅವನ ತೆಪ್ಪ ಬೋರಲು ಬಿತ್ತು. ನೀರಿಳಿಯುವ ಈ ದಿನಗಳಲ್ಲೇ ಮೀನು ದಟ್ಟವಾಗಿ ಸಿಗುವುದು. ಅವನು ಕೊಯ್ತಾ ಹಿಡಿದು ಕಬ್ಬು ಕಡಿಯುವ ಗುಂಪಿನ ಜೊತೆ ಕೂಲಿಗೆ ಹೊರಟ.

ಒಂಬತ್ತನೆಯ ದಿನ ಜಕ್ಕಪ್ಪನ ಹೆಂಡತಿ ತಾರವ್ವ ಹೊಸ ಬಲೆಗೆ ಬೆಂಡು ಕಟ್ಟಲು ಬುಟ್ಟಿಗೆ ಕೈಹಾಕಿದಳು. ಅರ್ಧ ಚಪ್ಪಲಿ ಬಂತು. ನೀಲಿ, ಅಂಚಿಗೆ ಬಿಳಿ ಪಟ್ಟಿ.

“ಇಲ್ನೋಡ್ರಿ. ದಸರಾ ಮುಂದ ಮುತ್ತಪ್ಪನ ಮನಿ ಕಸದಾಗ ಈ ಚಪ್ಪಲಿ ಬಂದಿದ್ವು. ಛಲೋ ಅದಾವು, ಕಸಕ್ಕ ಯಾಕ ಅಂತ ನೀವ ಮನಿಗಿ ತಂದ್ರಿ. ನಾ ಕೊಯ್ದು ನಿಮ್ಮ ಬಲಿಗಿ ಕಟ್ಟಿದೆ.”

ಜಕ್ಕಪ್ಪನಿಗೆ ಎಲ್ಲ ನೆನಪಾಯಿತು. ದೀಪಾವಳಿಯ ಹಿಂದೆಮುಂದೆ ಗಾಳಿ ಎದ್ದಿದ್ದ ದಿನ ಅವನ ಒಂದು ಬಲೆ ಕಾಣೆಯಾಗಿತ್ತು. ಕಳುವಾಯಿತೆಂದು ಆಚೆ ದಂಡೆಯವರ ಮೂರು ತಲೆಮಾರು ಎತ್ತಿ ಬೈದು ಬಂದಿದ್ದ. ಗಿರಣಿಗೆ ಸಿಕ್ಕಿರಬಹುದೆಂದು ಇಣುಕಿ ನೋಡಿರಲಿಲ್ಲ.

“ಬಾಯಿ ಮುಚ್ಚು,” ಎಂದ.

“ನಾ ಮುಚ್ಚತೇನ್ರಿ. ನೀವು ತಗದ ಬಾಯಿ ಊರಿಗೆಲ್ಲಾ ಕೇಳೇತಿ. ಅದನ್ನ ಮುಚ್ಚವ್ರು ಯಾರು?”

ಇನ್ನು ಆರು ದಿನ ಕಳೆದರೆ ಮುತ್ತಪ್ಪನ ಶಿಕ್ಷೆ ಮುಗಿಯುತ್ತದೆ. ತಾರವ್ವ ಹೇಳುವವಳಲ್ಲ. ತಾನೇ ಹೇಳಿದರೆ, ಕಟ್ಟಳೆ ಬೇಡವೆಂದು ಮೊದಲಿಂದಲೂ ಗೊಣಗುವ ನಾಲ್ಕು ಮನೆಯವರಿಗೆ ಹಬ್ಬ. ನಾಲ್ಕು ವರ್ಷದ ಕೆಲಸ ನೀರಿಗೆ. ಹೇಳದಿದ್ದರೆ ಕಟ್ಟಳೆ ಉಳಿಯುತ್ತದೆ, ಸುಳ್ಳಿನ ಮೇಲೆ. ಜಕ್ಕಪ್ಪ ರೊಟ್ಟಿ ಮುಟ್ಟಲಿಲ್ಲ. ನೀರಿನ ಚೆರಿಗೆಯನ್ನು ಕಾಲಿನಿಂದ ಒದ್ದು ಎದ್ದ.

ಸಂಜೆ ಜನ ದಂಡೆಗೆ ಬಂದಾಗ ಮುತ್ತಪ್ಪನ ತೆಪ್ಪ ನೀರಿನಲ್ಲಿತ್ತು. ಬೇವಿನ ಕೆಳಗೆ ಜಕ್ಕಪ್ಪನ ತೆಪ್ಪ ಬೋರಲು ಬಿದ್ದಿತ್ತು.

“ಏನೋ ಜಕ್ಕ್ಯಾ, ತೆಪ್ಪದ ತಳಕ್ಕ ಡಾಂಬರ್ ಹಚ್ಚಾಕತ್ತೀಯೇನ?” ಎಂದ ಹಿರಿಯ ವಿಠೋಬಾ.

“ಡಾಂಬರ್ ಅಲ್ಲೋ ಕಾಕಾ. ಗಿರಣಿಗಿ ಸಿಕ್ಕಿದ್ದ ಬಲಿ ನಂದು. ಚಪ್ಪಲಿ ಅಷ್ಟ ಮುತ್ತಪ್ಪಂದು, ಅವನ ಕಸದಾಗಿಂದು.” ಬೈಯುವ ದನಿಯಲ್ಲೇ ಹೇಳಿದ. ಬೇರೆ ದನಿ ಅವನಲ್ಲಿರಲಿಲ್ಲ. “ನನ್ನವು ಹದಿನೈದು, ಅವಂಗ ಹಾಕಿದ್ದು ಒಂಬತ್ತು. ಇಪ್ಪತ್ನಾಕು ದಿನ ನಾ ನೀರಿಗಿ ಇಳಿಯಂಗಿಲ್ಲ.”

ಮುತ್ತಪ್ಪ ಕಬ್ಬಿನ ಹೊಲದಿಂದ ಆಗಷ್ಟೇ ಬಂದಿದ್ದ. ಅಂಗೈ ತುಂಬ ಬೊಬ್ಬೆ.

“ನನ್ನ ದಿನ ತಿರುಗಿ ಕೊಟ್ಟಿ, ಛಲೋ ಆತು. ಊರ ಮಂದಿ ನಕ್ಕಿದ್ದನ್ನ ಹೆಂಗ ಕೊಡ್ತಿ ಜಕ್ಕಣ್ಣ?”

ಜಕ್ಕಪ್ಪ ಕೈ ಚಾಚಿದ. “ಕೊಯ್ತಾ ಕೊಡು. ಕಬ್ಬಿಗಿ ನಾ ಹೋಗತೇನಿ.”

“ತಗೋ. ಆದ್ರ ಕಬ್ಬು ನಿನ್ನ ಬೈಗಳಕ್ಕ ಬೀಳಂಗಿಲ್ಲ ನೋಡು, ಬಗ್ಗಿ ಕಡೀಬೇಕ.”

ಗೊಣಗುವ ನಾಲ್ಕು ಮನೆಯವರೂ ಆ ಸೋಮವಾರ ಕಸ ಎತ್ತಲು ಬಂದರು. ಬೋರಲು ಬಿದ್ದ ತೆಪ್ಪವನ್ನು ಒಮ್ಮೆ ನೋಡಿ ಚೀಲ ಬಿಚ್ಚಿದರು. ಬೆಂಡಿಗೆ ಇನ್ನು ಮುಂದೆ ಅವರವರ ಮನೆಯ ಗುರುತನ್ನು ಕಾದ ಕಬ್ಬಿಣದ ಸಳಿಯಿಂದ ಸುಟ್ಟು ಮೂಡಿಸಬೇಕೆಂದು ತಾರವ್ವ ಹೇಳಿದಳು. ಯಾರೂ ಅಡ್ಡ ಮಾತಾಡಲಿಲ್ಲ.

ಜಕ್ಕಪ್ಪ ಕಬ್ಬಿಗೆ ಹೋದ ಮೂರನೆಯ ದಿನ ಅವನಿದ್ದ ಕೂಲಿಯವರ ಟ್ರ್ಯಾಕ್ಟರ್ ಟ್ರಾಲಿ ದಂಡೆಗುಂಟ ಮರಳುವಾಗ ಗಿರಣಿಯ ಪಕ್ಕ ಮುತ್ತಪ್ಪನ ತೆಪ್ಪ ಕಂಡಿತು. ಮುತ್ತಪ್ಪ ಎದ್ದು ನಿಂತು ಕೂಗಿದ:

“ಜಕ್ಕಣ್ಣಾ! ಗಿರಣಿಗಿ ಬಂದೇನಿ, ಜ್ವಾಳಾ ಬೀಸಾಕ! ನಿಂದೂ ಒಂದ ಚೀಲ ತರ್ಲೇನ?”

ಟ್ರಾಲಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಜಕ್ಕಪ್ಪ ಬಾಯಿ ತೆರೆದ, ಮತ್ತೆ ಮುಚ್ಚಿದ. ಇನ್ನೂ ಇಪ್ಪತ್ತೊಂದು ದಿನ ಉಳಿದಿದ್ದವು.